ಡರ್ವೆಂಟ್ ದಂಡೆಯ ಕಾಲುದಾರಿ, ಕಾವೇರಿ ಬಯಲಿನ ಬಂಡಿದಾರಿ

ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಲಂಡನ್ ಆಯಿತು, ದೇವಸ್ಥಾನ ಆಯಿತು, ಮುಂದೆ ಎಲ್ಲಿಗೆ ಎಂಬ ಪ್ರಶ್ನೆ ಏಳುತ್ತದೆ. ಮೈಸೂರಲ್ಲೋ ಹಾಸನದಲ್ಲೋ ದಿನಾ ಬೆಳಗ್ಗೆ ವಾಕಿಂಗ್ ಹೋಗುವ ಹಿರಿಯರನ್ನು ಇಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಸುತ್ತಿಸುವುದು ನನಗೆ ಸರಿ ಕಾಣುವುದಿಲ್ಲ. ಅವರನ್ನು ಶೆಫೀಲ್ಡ್ ಪಕ್ಕದ ಡರ್ವೆಂಟ್ ಕಣಿವೆಗೆ ಕರೆದೊಯ್ದು ನಡೆಸಿ. ಬೆಟ್ಟ ಹತ್ತುವ ಶಕ್ತಿ ಬೇಕಿಲ್ಲ, ವಿಶೇಷ ಸಲಕರಣೆ ಬೇಕಿಲ್ಲ. ಆದರೆ ಆ ನಡಿಗೆ ಏಕೆ ಅಷ್ಟು ಸಲೀಸು ಎಂಬುದನ್ನೂ ಸ್ವಲ್ಪ ಯೋಚಿಸಬೇಕು. ನೆಲ ಸಮತಟ್ಟಾಗಿರುವುದು ಅದಕ್ಕೆ ಅರ್ಧ ಕಾರಣ ಮಾತ್ರ.

ಕಣಿವೆಯಲ್ಲಿ ಒಂದರ ಕೆಳಗೊಂದು ಮೂರು ಜಲಾಶಯಗಳಿವೆ: ಹೌಡನ್, ಡರ್ವೆಂಟ್, ಲೇಡಿಬವರ್. ಮೊದಲ ಎರಡು ಕಲ್ಲಿನ ಕಟ್ಟೆಗಳು, 1901ರಿಂದ 1916ರೊಳಗೆ ಕಟ್ಟಿದವು. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದೂ ಅದೇ ಕಾಲದಲ್ಲಿ, 1911ರಲ್ಲಿ. ಲೇಡಿಬವರ್ ಮಣ್ಣಿನ ಏರಿ. 1935ರಲ್ಲಿ ಆರಂಭಿಸಿ 1943ರಲ್ಲಿ ಮುಗಿಸಿದರು. ಅದಕ್ಕಾಗಿ ಡರ್ವೆಂಟ್ ಮತ್ತು ಆಶಪ್ಟನ್ ಎಂಬ ಎರಡು ಹಳ್ಳಿಗಳು ಮುಳುಗಿದವು. ಹಳೇ ಕನ್ನಂಬಾಡಿಯನ್ನು ಬಲ್ಲವರಿಗೆ ಆ ನೀರಿನ ಮುಂದೆ ನಿಂತಾಗ ಹೆಚ್ಚು ವಿವರಿಸಿ ಹೇಳಬೇಕಾಗುವುದಿಲ್ಲ.

ಹಿರಿಯರಿಗೆ ಮೊದಲ ನಡಿಗೆಯಾಗಿ ಥಾರ್ನ್‌ಹಿಲ್ ಟ್ರೇಲ್ ಅತ್ಯುತ್ತಮ. ಶೆಫೀಲ್ಡಿನಿಂದ ಮ್ಯಾಂಚೆಸ್ಟರ್ ಕಡೆಗೆ ಹೋಗುವ ನಿಧಾನದ ರೈಲಿನಲ್ಲಿ ಬ್ಯಾಮ್‌ಫರ್ಡ್ ನಿಲ್ದಾಣದಲ್ಲಿ ಇಳಿಯಬೇಕು. ಕಟ್ಟೆಗಳಿಗೆ ಕಲ್ಲು ಸಾಗಿಸಲು ಹಾಕಿದ್ದ ರೈಲು ಹಳಿಯ ಜಾಗವೇ ಈಗಿನ ದಾರಿ. ಕಲ್ಲು ತುಂಬಿದ ಗಾಡಿಗಳನ್ನು ಉಗಿ ಎಂಜಿನ್ ಎಳೆಯಬೇಕಿದ್ದ ದಾರಿಯಾದ್ದರಿಂದ ಏರು ಎಷ್ಟು ನಯವೆಂದರೆ ಮಂಡಿ ನೋವಿದ್ದವರಿಗೂ ಗೊತ್ತಾಗುವುದಿಲ್ಲ. ಲೇಡಿಬವರ್ ಕಟ್ಟೆಯವರೆಗೆ ಮೂರೂವರೆ ಕಿಲೋಮೀಟರ್ ಆಸುಪಾಸು. ಕಟ್ಟೆಯ ಕೆಳಗೆ ಯಾರ್ಕ್‌ಷೈರ್ ಸೇತುವೆಯ ಬಳಿ ಡರ್ವೆಂಟ್ ನದಿ ಸಿಗುತ್ತದೆ. ಕಟ್ಟೆಯ ಬಳಿ ನೀರಿನೊಳಗೆ ಎರಡು ದೊಡ್ಡ ಕಲ್ಲಿನ ಬಾಯಿಗಳಿವೆ, ಒಂದೊಂದೂ ಸುಮಾರು 24 ಮೀಟರ್ ಅಗಲ. ಜಲಾಶಯ ತುಂಬಿದಾಗ ಹೆಚ್ಚುವರಿ ನೀರು ಅಂಚಿನಿಂದ ಸುತ್ತಲೂ ಒಳಕ್ಕೆ ಮಗುಚಿ ಬಿದ್ದು ಸುರಂಗದ ಮೂಲಕ ನದಿಗೆ ಸೇರುತ್ತದೆ. ಇದನ್ನು ನೋಡಬೇಕೆಂದರೆ ಚಳಿಗಾಲದ ಮಳೆ ಮುಗಿದ ಮೇಲೆ ಬನ್ನಿ. ಬೇಸಿಗೆಯ ಕೊನೆಯಲ್ಲಿ ಬಂದರೆ ಒಣಗಿದ ಮೆಟ್ಟಿಲು ಮೆಟ್ಟಿಲಾದ ಕಲ್ಲು ಮಾತ್ರ ಕಾಣುತ್ತದೆ.

ಎರಡನೆಯದು ಫೇರ್‌ಹೋಮ್ಸ್‌ನಿಂದ ಹೊರಡುವ ನಡಿಗೆ. ಕಾರು ನಿಲ್ಲಿಸುವ ಜಾಗ, ಶೌಚಾಲಯ, ಚಹಾ ಎಲ್ಲವೂ ಇಲ್ಲಿವೆ. ಮುಂದೆ ಇಲ್ಲ ಎಂದುಕೊಂಡೇ ಹೊರಡಿ. ಐದೇ ನಿಮಿಷದಲ್ಲಿ ಡರ್ವೆಂಟ್ ಕಟ್ಟೆಯ ಬುಡ. ತುಂಬಿದ ದಿನಗಳಲ್ಲಿ ಸುಮಾರು 35 ಮೀಟರ್ ಎತ್ತರದಿಂದ ಇಡೀ ಗೋಡೆಯ ಮೇಲೆ ನೀರು ಹಾಳೆಯಾಗಿ ಇಳಿಯುತ್ತದೆ. ಪೂರ್ವ ದಂಡೆಯಲ್ಲಿ ಜಲ್ಲಿ ದಾರಿ, ಪಶ್ಚಿಮ ದಂಡೆಯಲ್ಲಿ ಟಾರು ರಸ್ತೆ. ವಾರಾಂತ್ಯದಲ್ಲಿ ಸಾಮಾನ್ಯವಾಗಿ ಫೇರ್‌ಹೋಮ್ಸ್‌ನಿಂದ ಮುಂದೆ ಕಾರು ಬಿಡುವುದಿಲ್ಲವಾದ್ದರಿಂದ ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ ಇದ್ದವರಿಗೆ ಪಶ್ಚಿಮದ ದಂಡೆಯೇ ವಾಸಿ.

ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ನಕ್ಷೆಯಲ್ಲಿ ಹೌಡನ್ ಕಟ್ಟೆ ಎರಡೂ ದಂಡೆಗಳನ್ನು ಸೇರಿಸುವಂತೆ ಕಾಣುತ್ತದೆ. ಅದರ ಮೇಲೆ ದಾಟಿ ಆಚೆ ದಂಡೆಯಿಂದ ಮರಳೋಣ ಎಂದು ಲೆಕ್ಕ ಹಾಕುತ್ತಾರೆ. ಡರ್ವೆಂಟ್, ಹೌಡನ್ ಎರಡೂ ಕಟ್ಟೆಗಳ ಮೇಲೆ ಜನರಿಗೆ ದಾರಿಯಿಲ್ಲ, ಗೇಟಿಗೆ ಬೀಗ. ಸುತ್ತು ಹಾಕಲೇಬೇಕೆಂದರೆ ಕಣಿವೆಯ ತಲೆಗೆ, ಸ್ಲಿಪರಿ ಸ್ಟೋನ್ಸ್ ಎಂಬಲ್ಲಿಗೆ ಹೋಗಿ ಹಳೆಯ ಕಲ್ಲಿನ ಸೇತುವೆ ದಾಟಬೇಕು. ಆ ಸೇತುವೆ ಮುಳುಗಿದ ಡರ್ವೆಂಟ್ ಹಳ್ಳಿಯದು. ಕಲ್ಲುಗಳನ್ನು ಬಿಚ್ಚಿ ತಂದು 1959ರಲ್ಲಿ ಇಲ್ಲಿ ಮತ್ತೆ ಜೋಡಿಸಿದರು. ಪೂರ್ತಿ ಸುತ್ತು 16 ಕಿಲೋಮೀಟರಿಗೆ ಕಡಿಮೆಯಿಲ್ಲ, ಊಟ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಅಷ್ಟು ಬೇಡವೆಂದರೆ ಹೌಡನ್ ಕಟ್ಟೆ ನೋಡಿ ಬಂದ ದಾರಿಯಲ್ಲೇ ಮರಳಿ. ಅದರಲ್ಲೇನೂ ಕೊರತೆಯಿಲ್ಲ, ಹಿಂತಿರುಗುವಾಗ ಬೆಟ್ಟಗಳ ಮೇಲಿನ ಬೆಳಕೇ ಬೇರೆ ಇರುತ್ತದೆ.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹನ್ನೆರಡರ ಮೇಲೆ ದೊಡ್ಡ ಸುತ್ತಿಗೆ ಹೊರಡಬೇಡಿ. ಸೀರೆ ಉಡುವವರು ಒಂದು ಗೇಣು ಮೇಲೆ ಕಟ್ಟಿ ಕೆಳಗೆ ಉಣ್ಣೆ ಲೆಗ್ಗಿಂಗ್ಸ್ ಹಾಕಿಕೊಂಡರೆ ನೆರಿಗೆ ಕೆಸರಾಗುವುದಿಲ್ಲ. ಚಪ್ಪಲಿ ಬೇಡವೇ ಬೇಡ. ಮೊಬೈಲ್ ಸಿಗ್ನಲ್ ಕಣಿವೆಯಲ್ಲಿ ಹೋಗಿ ಬಂದು ಮಾಡುತ್ತದೆ, ಹಾಗಾಗಿ ನಕ್ಷೆ ಕಾಗದದ್ದಿರಲಿ: ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಓಎಲ್ 1. ಯಾರಿಗಾದರೂ ಪೆಟ್ಟಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ಅವರ ಮೂಲಕ ಮೌಂಟನ್ ರೆಸ್ಕ್ಯೂ ತಂಡವನ್ನು ಕೇಳಬೇಕು. ನೀರಿಗಂತೂ ಇಳಿಯಬಾರದು. ಬಿಸಿಲಿನ ದಿನವೂ ಮೇಲ್ಪದರದ ಕೆಳಗೆ ನೀರು ಕೊರೆಯುತ್ತಿರುತ್ತದೆ. ಮೈಗೆ ತಗುಲಿದ ಕ್ಷಣ ಉಸಿರು ತಾನಾಗಿ ಒಳಕ್ಕೆಳೆದುಕೊಳ್ಳುತ್ತದೆ, ಈಜು ಬಲ್ಲವರು ಮುಳುಗುವುದು ಹೀಗೆ. ಬರದಲ್ಲಿ ನೀರು ಇಳಿದಾಗ ಹಳ್ಳಿಯ ಅವಶೇಷ ನೋಡಲು ಹೂಳಿನ ಮೇಲೆ ನಡೆಯುವವರಿದ್ದಾರೆ. 2018ರಲ್ಲಿ ಹಾಗೆ ಸಿಕ್ಕಿಬಿದ್ದವರನ್ನು ರಕ್ಷಣಾ ತಂಡ ಎಳೆದು ತೆಗೆಯಬೇಕಾಯಿತು. ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುವ ಹೂಳು ಒಳಗೆ ಹಸಿಯಾಗಿಯೇ ಇರುತ್ತದೆ.

ಇನ್ನು ಉಳಿದರ್ಧ ಕಾರಣಕ್ಕೆ ಬರೋಣ. ಓಎಲ್ 1ರಲ್ಲಿ ಹಸಿರು ಗೆರೆಗಳಿವೆ. ಅವು ಯಾರದೋ ಹೊಲ, ಕುರಿ ಹುಲ್ಲುಗಾವಲು, ಕೆಲವು ಕಡೆ ಮನೆಯ ಅಂಗಳವನ್ನೂ ಹಾದುಹೋಗುತ್ತವೆ. ಜಮೀನು ಖಾಸಗಿ, ನಡೆಯುವ ಹಕ್ಕು ಸಾರ್ವಜನಿಕ. 1949ರ ಕಾಯ್ದೆಯ ಪ್ರಕಾರ ಕೌಂಟಿಗಳು ಊರೂರಿನ ಕಾಲುದಾರಿಗಳನ್ನು ಪಟ್ಟಿ ಮಾಡಿ ಅಧಿಕೃತ ನಕ್ಷೆ ತಯಾರಿಸಿದವು. ಆ ನಕ್ಷೆಯಲ್ಲಿದ್ದರೆ ಸಾಕು, ದಾರಿ ಉಂಟು ಎನ್ನಲು ಬೇರೆ ಸಾಕ್ಷಿ ಬೇಡ. ಹೊಲದ ನಡುವಿನ ದಾರಿಯನ್ನು ರೈತ ಉಳಬಹುದು, ಆದರೆ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಸರಿಪಡಿಸಿ ಕೊಡಬೇಕು. ಹೊಲದ ಅಂಚಿನ ದಾರಿಯನ್ನು ಉಳುವ ಹಾಗೇ ಇಲ್ಲ. ಕಂಬದ ಮೇಲೆ ಹಳದಿ ಬಾಣವಿದ್ದರೆ ನಡೆಯುವವರಿಗೆ, ನೀಲಿಯಿದ್ದರೆ ಕುದುರೆ ಮತ್ತು ಸೈಕಲಿಗೂ. ಇದನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ. ಆಗ ಜನರಿಗೆ ಪ್ರವೇಶವಿಲ್ಲದಿದ್ದ ಪಕ್ಕದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ 1932ರ ಏಪ್ರಿಲ್‌ನಲ್ಲಿ ಕಾರ್ಮಿಕ ಯುವಕರು ಗುಂಪಾಗಿ ನುಗ್ಗಿದರು, ಐವರು ಜೈಲಿಗೆ ಹೋದರು. ಆ ಬೆಟ್ಟವೂ ಈ ಕಣಿವೆಯೂ ಸೇರಿದ ಪೀಕ್ ಡಿಸ್ಟ್ರಿಕ್ಟ್ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದದ್ದು 1951ರಲ್ಲಿ.

ನಮ್ಮ ಕಡೆ ಇಂಥದ್ದು ಇಲ್ಲವೆಂದು ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಕೆಆರ್‌ಎಸ್ ಕಟ್ಟೆಯ ಮೇಲೆ ನಡೆಯಲು ಬಿಡುವುದಿಲ್ಲ, ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ನಡಿಗೆಗೆ ಕಟ್ಟೆಯೇ ಬೇಕೆಂದಿಲ್ಲವಲ್ಲ. ಕೆಳಗಿನ ಬಯಲಿನಲ್ಲಿ ವಿರಿಜಾ, ಚಿಕ್ಕದೇವರಾಜಸಾಗರ, ಬಂಗಾರದೊಡ್ಡಿಯಂಥ ಹಳೆಯ ನಾಲೆಗಳಿವೆ. ನಾಲೆ ನೆಲದ ಮಟ್ಟವನ್ನು ಹಿಡಿದು ಸಾಗುವುದರಿಂದ ಅದರ ಏರಿಯೂ ಥಾರ್ನ್‌ಹಿಲ್‌ನ ಹಳಿಯಷ್ಟೇ ಸಲೀಸು. ಜೊತೆಗೆ ಅಲ್ಲಿಲ್ಲದ ನೆರಳು, ತೆಂಗು, ಎರಡು ಕಿಲೋಮೀಟರಿಗೊಂದು ಊರು, ಕೇಳಿದರೆ ದಾರಿ ತೋರಿಸಲು ಜೊತೆಯಲ್ಲೇ ನಾಲ್ಕು ಹೆಜ್ಜೆ ಬರುವ ಜನ. ಡರ್ವೆಂಟ್ ಕಣಿವೆಯಲ್ಲಿ ಒಬ್ಬರೇ ಗಂಟೆಗಟ್ಟಲೆ ನಡೆದರೂ ನಮಸ್ಕಾರಕ್ಕಿಂತ ಹೆಚ್ಚಿನ ಮಾತು ಸಿಗುವುದು ಕಷ್ಟ.

ಅಪಾಯಗಳು ಮಾತ್ರ ಬೇರೆ ಬಗೆಯವು. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತೂವರೆಗೆ ಮುಗಿಸಬೇಕು. ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ: 124.80 ಅಡಿಯ ಹತ್ತಿರವಿದ್ದು ಒಳಹರಿವು ಏರುತ್ತಿದ್ದರೆ ಬಲಮುರಿ, ಎಡಮುರಿ ಕಡೆ ನದಿಪಾತ್ರಕ್ಕೆ ಇಳಿಯುವುದು ಬೇಡ, ಗೇಟು ತೆಗೆದಾಗ ಬಂಡೆಗಳು ನೋಡನೋಡುತ್ತಲೇ ಮುಳುಗುತ್ತವೆ. ರಂಗನತಿಟ್ಟಿನ ಆಸುಪಾಸು ಮೊಸಳೆಗಳಿವೆ, ನೀರಂಚಿನಲ್ಲಿ ಕೂರಬೇಡಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟ ದಿನ ಹೊರ ಅಂಚಿನಲ್ಲೇ ನಡೆಯಿರಿ; ಲೈನಿಂಗ್ ಮಾಡಿದ ಇಳಿಜಾರು ಪಾಚಿಗಟ್ಟಿರುತ್ತದೆ, ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದೂ ನಡಿಗೆ ಅರ್ಧದಲ್ಲಿ ನಿಲ್ಲುವುದು ಬೇಲಿಗೆ. ಏರಿಯಿಂದ ಊರಿಗೆ ಇಳಿಯುವ ಬಂಡಿದಾರಿ ಕಬ್ಬಿನ ಗದ್ದೆಯೊಳಗೆ ಸೇರಿಹೋಗಿರುತ್ತದೆ. ದಾಖಲೆಯಲ್ಲಿ ಅದು ಇದ್ದೇ ಇದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಬಂಡಿದಾರಿಗೆ ಜೋಡಿ ತುಂಡುಗೆರೆ, ಕಾಲುದಾರಿಗೆ ಒಂಟಿ ತುಂಡುಗೆರೆ. ಸರ್ವೆ ನಂಬರಿನೊಳಗೆ ಸಾರ್ವಜನಿಕ ದಾರಿಗೆ ಬಿಟ್ಟ ಜಾಗ ಬಿ ಖರಾಬು ಎಂದು ಪಹಣಿಯಲ್ಲಿ ಬರುತ್ತದೆ, ಅದಕ್ಕೆ ಕಂದಾಯವೂ ಇಲ್ಲ. ನಕ್ಷೆ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರಿನಡಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಗೆರೆಗೂ ನೆಲಕ್ಕೂ ನಡುವೆ ಬಾಣದ ಕಂಬ ನೆಡುವ, ಮುರಿದ ಗೇಟು ರಿಪೇರಿ ಮಾಡುವ, ಮುಚ್ಚಿದ ದಾರಿ ತೆಗೆಸುವ ಒಂದು ಕಚೇರಿಯಿದೆ. ನಮ್ಮಲ್ಲಿ ಗೆರೆಯಿದೆ, ಆ ಕೆಲಸ ಮಾತ್ರ ದೂರು ಬಂದಾಗಷ್ಟೇ ನಡೆಯುತ್ತದೆ.

ಹಾಗಾದರೆ ದೂರು ಕೊಡೋಣ. ಹೊರನಾಡಿನಲ್ಲಿದ್ದು ಊರಿಗೆ ಏನಾದರೂ ಮಾಡಬೇಕೆನ್ನುವವರು ಪ್ರತಿಮೆಗೆ, ಕಮಾನಿಗೆ ಹಣ ಕಳಿಸುವ ಮೊದಲು ನಾಲೆ ಏರಿಯಿಂದ ಊರಿಗೆ ಬರುವ ಒಂದು ದಾರಿಯನ್ನು ಆರಿಸಿಕೊಳ್ಳಿ. ಗ್ರಾಮ ನಕ್ಷೆಯ ಪ್ರತಿ, ದಾರಿ ಹಾಯುವ ಸರ್ವೆ ನಂಬರುಗಳು, ಅವುಗಳ ಪಹಣಿ, ಮುಚ್ಚಿದ ಜಾಗದ ಫೋಟೊ ಇಟ್ಟು ತಹಶೀಲ್ದಾರರಿಗೆ ನಕಾಶೆ ಕಂಡ ದಾರಿ ಬಿಡಿಸಿಕೊಡಿ ಎಂದು ಊರಿನವರ ಸಹಿಯೊಂದಿಗೆ ಅರ್ಜಿ ಹಾಕಿ. ಪಕ್ಕದ ಜಮೀನಿನವರೊಂದಿಗೆ ಮೊದಲೇ ಕೂತು ಮಾತಾಡಿ, ಅವರ ಕಬ್ಬಿನ ಗಾಡಿಗೂ ಅದೇ ದಾರಿ ಬೇಕು. ಅಳತೆಗೆ ಭೂಮಾಪಕರು ಬರುವುದು ಕಟಾವಾಗಿ ನೆಲ ಬರಿದಾದ ಮೇಲೆ ಇರಲಿ. ನಿಂತ ಬೆಳೆಯಲ್ಲಿ ಸರಪಳಿ ಎಳೆಯಲಾಗುವುದಿಲ್ಲ, ಬೆಳೆ ಹಾಳಾಯಿತೆಂಬ ತಕರಾರೂ ಏಳುತ್ತದೆ. ಅಳೆದ ದಿನವೇ ಎರಡೂ ಬದಿ ಕಲ್ಲು ನೆಡಿಸಿಬಿಡಿ.