ಸ್ಪಷ್ಟನೆ: ಅಪ್‌ಡೇಟ್ ಬಾಗಿಲು ಮುಚ್ಚುತ್ತದೆ, ಒಳಹೊಕ್ಕವರನ್ನು ಹೊರಹಾಕುವುದಿಲ್ಲ

‘ಸಿಎಂಎಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಹೋಗುವ ಆದೇಶದೊಳಗೆ ದಾಳಿಕೋರರು ತಮ್ಮ ಆದೇಶ ತೂರಿಸುವುದು) ಕಾಟ ಮುಗಿಯಿತು’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧಸತ್ಯ, ಅಪಾಯಕಾರಿ ಕೂಡ.

ಉದಾಹರಣೆಗೆ, ಡ್ರುಪಲ್ 7 ಎಂಬ ಸಿಎಂಎಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳನ್ನೇ (ಇಂಥ ದಾಳಿ ತಡೆಯಲು ಆದೇಶವನ್ನೂ ಬಳಕೆದಾರರು ಕೊಟ್ಟ ಮಾಹಿತಿಯನ್ನೂ ಬೇರೆಬೇರೆ ಇಡುವ ವಿಧಾನ) ಬಳಸುತ್ತಿತ್ತು. ಆದರೆ ಅರೇಯ (ಮಾಹಿತಿ ಪಟ್ಟಿಯ) ಕೀಗಳನ್ನು, ಅಂದರೆ ಅದರ ಅಂಶಗಳ ಹೆಸರುಗಳನ್ನು, ಪರಿಶೀಲಿಸದೆ ಪ್ಲೇಸ್‌ಹೋಲ್ಡರ್ (ಆದೇಶದಲ್ಲಿ ಮಾಹಿತಿಗಾಗಿ ಬಿಟ್ಟ ಜಾಗ) ಹೆಸರಿಗೆ ಜೋಡಿಸುತ್ತಿದ್ದುದರಿಂದ, ಲಾಗಿನ್ ಆಗದವರೂ ಕ್ವೆರಿಯೊಳಗೆ (ಡೇಟಾಬೇಸಿಗೆ ಹೋಗುವ ಆದೇಶದೊಳಗೆ) ತಮ್ಮ ಆದೇಶ ತೂರಿಸಬಹುದಿತ್ತು. 2014ರ ಅಕ್ಟೋಬರ್ 15ರಂದು 7.32 ಆವೃತ್ತಿ ಇದನ್ನು ಸರಿಪಡಿಸಿತು. ಪ್ರಕಟಣೆಯಾದ 7 ಗಂಟೆಯೊಳಗೆ ಅಪ್‌ಡೇಟ್ ಆಗದ ಸೈಟುಗಳೆಲ್ಲ ದಾಳಿಗೆ ತುತ್ತಾಗಿವೆ ಎಂದೇ ಭಾವಿಸಿ ಎಂದು ಡ್ರುಪಲ್ ಭದ್ರತಾ ತಂಡ ಆಮೇಲೆ ಎಚ್ಚರಿಸಿತು.

ದಾಳಿಕೋರರು ಮತ್ತೆ ನುಸುಳಲು ಬಿಟ್ಟುಹೋದ ಹಿಂಬಾಗಿಲು ಫೈಲುಗಳಲ್ಲಷ್ಟೇ ಅಲ್ಲ, ಡೇಟಾಬೇಸಿನ ಮೆನು ಟೇಬಲ್ಲಿನಲ್ಲೂ ಅಡಗಿರಬಹುದು. ಅಪ್‌ಡೇಟ್ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ದೋಷ ಬಯಲಾಗುವ ಮುಂಚಿನ ಬ್ಯಾಕಪ್‌ನಿಂದ ಫೈಲು, ಡೇಟಾಬೇಸ್ ಎರಡನ್ನೂ ಮರಳಿಸಿ, ಸೈಟು ತೆರೆಯುವ ಮೊದಲೇ ಅಪ್‌ಡೇಟ್ ಮಾಡಿ, ಎಲ್ಲ ಪಾಸ್‌ವರ್ಡ್ ಬದಲಿಸಿ.