ಹೊರುವವನ ಹೆಸರು, ಹೊತ್ತವನ ಪಾಡು

ಫ್ರೆಂಚರು ಹೊರುವವನನ್ನು ‘ಪೋರ್ತರ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಪೋರ್ತಾರೆ’ ಎಂಬ ಕ್ರಿಯಾಪದದ ಸಂತಾನವಾದ ಈ ಪದ ಇಂಗ್ಲಿಷರ ಬಾಯಲ್ಲಿ ಪೋರ್ಟರ್ ಆಗಿ, ನಮ್ಮ ರೈಲು ನಿಲ್ದಾಣಗಳಿಗೂ ಬಂದಿಳಿಯಿತು. ಬಾಗಿಲು ಕಾಯುವ ‘ಪೋರ್ತಿಯೇ’ ಮಾತ್ರ ಬೇರೆ ವಂಶದವನು. ಅವನ ಮೂಲ ‘ಪೋರ್ತಾ’, ಅಂದರೆ ಬಾಗಿಲು. ಇಂಗ್ಲಿಷರು ಇಬ್ಬರಿಗೂ ಒಂದೇ ಹೆಸರಿಟ್ಟು ಕೈತೊಳೆದುಕೊಂಡರು.

ಪ್ಯಾರಿಸ್ಸಿನಲ್ಲಿ ಇಳಿಯುವಾಗ ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಆ ಹೆಸರಿನ ಮನುಷ್ಯ ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ. ಅಲ್ಲಿನ ಮೆಟ್ರೋ 1900ರಲ್ಲಿ ಆರಂಭವಾದದ್ದು. ಅನೇಕ ಹಳೆಯ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲುಗಳಿಗೇನೂ ಬರವಿಲ್ಲ. ಅಣ್ಣನ ಮಗನಿಗೆಂದು ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನೂ ಚಟ್ನಿಪುಡಿಯನ್ನೂ ತುಂಬಿದ್ದ 23 ಕೆ.ಜಿ. ಸೂಟ್‌ಕೇಸಿನ ಒಂದು ಚಕ್ರ, ಮೆಟ್ಟಿಲಿನ ಬುಡದಲ್ಲೇ ಕಳಚಿಕೊಂಡು ತನ್ನ ಪಾಡಿಗೆ ತಾನು ಉರುಳಿಹೋಯಿತು.

“ನಿಮಗೆ ಫ್ರೆಂಚ್ ಬರುತ್ತದಲ್ಲ, ಯಾರನ್ನಾದರೂ ಕರೆಯಿರಿ” ಎಂದಳು ಹೆಂಡತಿ.

ಯಾರನ್ನು ಕರೆಯುವುದು? ಚಿಲ್ಲರೆ ಹೊರಲು ‘ಪೋರ್ತ್‌ಮೊನೆ’, ಕಾಗದಪತ್ರ ಹೊರಲು ‘ಪೋರ್ತ್‌ಫೇಯ್’, ಸರ್ಕಾರದ ಮಾತು ಹೊರಲು ‘ಪೋರ್ತ್‌ಪಾರೋಲ್’ ಎಂಬ ವಕ್ತಾರ, ಹೀಗೆ ಒಂದೊಂದಕ್ಕೂ ಒಂದೊಂದು ಆಳನ್ನಿಟ್ಟ ಭಾಷೆ ಸೂಟ್‌ಕೇಸಿನ ವಿಷಯದಲ್ಲಿ ಕೈಕೊಟ್ಟಿತ್ತು. ಹಿಂದೆ ಅಲ್ಲಿ ಅಂಥವರಿದ್ದರು. ನಗರದ ನಡುವಿನ ‘ಲೆ ಆಲ್’ ಮಾರುಕಟ್ಟೆಯಲ್ಲಿ ಅಗಲ ಅಂಚಿನ ಟೋಪಿ ಧರಿಸಿ ಮಾಂಸ, ತರಕಾರಿ ಹೊರುತ್ತಿದ್ದ ‘ಫೋರ್’ ಎಂಬ ಹಮಾಲರ ಸಂಘ ಸೇರಬೇಕಾದರೆ 200 ಕೆ.ಜಿ. ಹೊತ್ತು ನಡೆದು ತೋರಿಸಬೇಕಿತ್ತಂತೆ. ಮಾರುಕಟ್ಟೆ 1969ರಲ್ಲಿ ಊರಾಚೆಯ ರಂಜಿಸ್‌ಗೆ ಹೋಯಿತು. ಅವರ ಲೆಕ್ಕದಲ್ಲಿ ನನ್ನದು ತಿಂಡಿಯ ಪೊಟ್ಟಣ. ಆ ಮಾತಿನ ಧೈರ್ಯದಲ್ಲೇ ಸೂಟ್‌ಕೇಸನ್ನು ಹೆಗಲಿಗೇರಿಸಿದೆ.

ಫ್ರೆಂಚಿನ ‘ಪೋರ್ತೇ’ ಕ್ರಿಯಾಪದಕ್ಕೆ ಹೊರು ಎಂಬಂತೆ ಉಡು, ತೊಡು ಎಂಬ ಅರ್ಥವೂ ಇದೆ. ಅಂಗಿಯನ್ನೂ ಅವರು ‘ಹೊರುತ್ತಾರೆ’. ಇದೇನು ವಿಚಿತ್ರ ಎಂದುಕೊಳ್ಳುತ್ತಿದ್ದ ನನಗೆ ಮೆಟ್ಟಿಲಿನ ನಡುವೆ ಅದರ ಔಚಿತ್ಯ ಹೊಳೆಯಿತು. ಭರಣಿಯ ಮುಚ್ಚಳ ಸಡಿಲಗೊಂಡು, ಜಿಪ್ಪಿನ ಸಂದಿಯಿಂದ ಇಂಗಿನ ಒಗ್ಗರಣೆಯ ಕೆಂಪು ಎಣ್ಣೆ ಕತ್ತಿನ ಮೇಲಿಂದ ಇಳಿದು ಬಿಳಿ ಅಂಗಿಯನ್ನು ಆವರಿಸುತ್ತಿತ್ತು. ಮೇಲೆ ತಲುಪುವ ವೇಳೆಗೆ ನಾನು ಉಪ್ಪಿನಕಾಯಿಯನ್ನು ಎರಡೂ ಅರ್ಥದಲ್ಲಿ ‘ಪೋರ್ತೇ’ ಮಾಡಿದ್ದೆ. ಕಾಯುತ್ತಿದ್ದ ಹುಡುಗ ಕಾಲಿಗೆರಗಲು ಬಗ್ಗಿದವನು, ಮೂಗರಳಿಸಿ, “ಚಿಕ್ಕಪ್ಪ, ಮಿಡಿಯಾದರೂ ಉಳಿದಿದೆಯೇ?” ಎಂದು ಕೇಳಿದ.