ಒಳಗೆ ಫುಲ್ ಸಿಗ್ನಲ್

ಪರಪ್ಪನ ಅಗ್ರಹಾರ ಜೈಲಿನ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. 2025ರ ನವೆಂಬರ್‌ನಲ್ಲಿ ಒಂದರ ಹಿಂದೆ ಒಂದು ಬಂದವಲ್ಲ, ಅವೇ. ಒಬ್ಬ ಆರಾಮವಾಗಿ ಮೊಬೈಲ್‌ನಲ್ಲಿ ಮಾತಾಡುತ್ತಿದ್ದ. ಕೋಣೆಯಲ್ಲಿ ಟಿ.ವಿ. ಓಡುತ್ತಿತ್ತು. ಇನ್ನೊಬ್ಬ ಅಡುಗೆಗೆ ಇಳಿದಿದ್ದ. ಆಮೇಲೆ ಬಂದದ್ದು ಪಾರ್ಟಿ ವಿಡಿಯೊ. ಬಳಸಿ ಬಿಸಾಡುವ ಲೋಟಗಳಲ್ಲಿ ಎಣ್ಣೆ, ಪಕ್ಕದಲ್ಲಿ ಹೆಚ್ಚಿದ ಹಣ್ಣು, ಹುರಿದ ಕಡಲೆಬೀಜ. ತಟ್ಟೆ ಬಡಿದುಕೊಂಡು ಕುಣಿತ.

ಜೈಲಿನಲ್ಲಿರುವವರು ಹೊತ್ತು ಹೇಗೆ ಕಳೆಯುತ್ತಾರೋ, ಮೈಕೈ ಜಡ್ಡುಗಟ್ಟಿ ಹೋಗುತ್ತದೋ ಏನೋ ಎಂದು ಕೊರಗುತ್ತಿದ್ದ ಮೃದು ಮನಸ್ಸಿನವರಿಗೆಲ್ಲ ಅವತ್ತು ನೆಮ್ಮದಿಯಾಯಿತು. ಹಣ್ಣು ತಿನ್ನುತ್ತಿದ್ದಾರೆ. ಕುಣಿದು ಬೆವರು ಸುರಿಸುತ್ತಿದ್ದಾರೆ. ನಾಲ್ಕು ಜನರ ಜೊತೆ ಬೆರೆಯುತ್ತಿದ್ದಾರೆ. ಡಾಕ್ಟರುಗಳು ನಮಗೆ ಹೇಳುವುದೂ ಇದನ್ನೇ ಅಲ್ವಾ? ಎಣ್ಣೆಯೊಂದು ಬಿಟ್ಟು.

ನನಗೆ ಅದಕ್ಕಿಂತ ಜಾಸ್ತಿ ಮಜಾ ಕೊಟ್ಟಿದ್ದು ಜಾಮರ್. ಈ ಜೈಲಿಗೆ ಮೊಬೈಲ್ ಕರೆ ತಡೆಯುವ ಟವರ್ ಹಾಕಿದ್ದಾರೆ. ಕೈದಿಗಳು ಒಳಗಿಂದ ಫೋನ್ ಮಾಡಬಾರದು ಎಂಬುದು ಉದ್ದೇಶ. ಹಾಕಿದ ಮೇಲೆ ಏನಾಯಿತು? ಜೈಲಿನ ಸುತ್ತಮುತ್ತ ಮನೆ ಮಾಡಿಕೊಂಡವರ ಫೋನ್ ನಿಂತುಹೋಯಿತು. ಕರೆ ಹೋಗಲ್ಲ, ಒಟಿಪಿ ಬರಲ್ಲ, ಕ್ಯಾಬ್ ಬುಕ್ ಆಗಲ್ಲ ಎಂದು ಅವರು ದೂರು ಕೊಟ್ಟೂ ಕೊಟ್ಟೂ ಸುಸ್ತಾದರು. ಬ್ಯಾಂಕ್ ಸಾಲ ಮಾಡಿ ಫ್ಲ್ಯಾಟ್ ಕೊಂಡ ಸಾಫ್ಟ್‌ವೇರ್ ಎಂಜಿನಿಯರ್ ಒಂದು ಕಡ್ಡಿ ಸಿಗ್ನಲ್ ಹುಡುಕಿಕೊಂಡು ಬಾಲ್ಕನಿಯಿಂದ ಟೆರೇಸಿಗೆ, ಟೆರೇಸಿನಿಂದ ರಸ್ತೆಗೆ ಓಡಾಡುತ್ತಾನೆ. ಗೋಡೆಯ ಆ ಕಡೆ ಕೊಲೆ ಕೇಸಿನವನು ವಿಡಿಯೊ ಕಾಲ್‌ನಲ್ಲಿ ಕೈ ಬೀಸುತ್ತಾನೆ.

ಇದು ಬೆಂಗಳೂರಿನ ಮಹಿಮೆ ಮಾತ್ರ ಅಂದುಕೊಳ್ಳಬೇಡಿ. ಮಂಗಳೂರಿನ ಕೊಡಿಯಾಲಬೈಲ್ ಜೈಲಿನಲ್ಲಿ ಜಾಮರ್ ಹಾಕಿದಾಗಲೂ ಬೀದಿಗೆ ಬಂದವರು ಹೊರಗಿನವರೇ. ಆ ಜೈಲು ಇರುವುದು ಊರ ನಡುವೆ. ಕೋರ್ಟು ಹತ್ತಿರ, ಅಂಗಡಿ ಹತ್ತಿರ, ಮನೆಗಳಂತೂ ಇನ್ನೂ ಹತ್ತಿರ. ಕಕ್ಷಿದಾರ ಜೈಲಿನಲ್ಲಿ, ಫೋನ್ ಹೋಗದೆ ಒದ್ದಾಡುವವರು ವಕೀಲರು!

ಅಂದರೆ ಈ ಯಂತ್ರಕ್ಕೆ ಕಾನೂನು ಪಾಲಿಸುವವರು ಯಾರು, ಪಾಲಿಸದವರು ಯಾರು ಎಂಬುದು ಚೆನ್ನಾಗಿ ಗೊತ್ತಾಗುತ್ತದೆ ಎಂದಾಯಿತು. ಪಾಲಿಸುವವರನ್ನು ಹುಡುಕಿ ಹುಡುಕಿ ಹಿಡಿಯುತ್ತದೆ. ಹಾಗಾಗಿ ಅಗ್ರಹಾರದ ನಿವಾಸಿಗಳಿಗೆ ನನ್ನದೊಂದು ಸಲಹೆ. ತುರ್ತು ಕರೆ ಮಾಡಬೇಕಾಗಿ ಬಂದರೆ ಆಧಾರ್ ಕಾರ್ಡ್ ಹಿಡಿದು ಜೈಲಿನ ಗೇಟಿಗೆ ಹೋಗಿ, ಸಂದರ್ಶನಕ್ಕೆ ಹೆಸರು ಬರೆಸಿ. ಒಳಗೆ ಯಾರಾದರೂ ಪುಣ್ಯಾತ್ಮರು ಫೋನ್ ಕೊಟ್ಟಾರು.

ಆ ಫೋನ್‌ಗಳು ಒಳಗೆ ಹೋಗುವ ದಾರಿಗಳಂತೂ ಒಂದಕ್ಕಿಂತ ಒಂದು ಚಂದ. ಶಿವಮೊಗ್ಗ ಜೈಲಿನ ಕೈದಿಯೊಬ್ಬ ಮೊಬೈಲನ್ನೇ ನುಂಗಿದ್ದ. ಬೆಂಗಳೂರಿಗೆ ತಂದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ನಾವು ರಾತ್ರಿ ಎರಡು ಬಜ್ಜಿ ಜಾಸ್ತಿ ತಿಂದರೆ ಬೆಳಗಿನವರೆಗೆ ಎದೆಯುರಿ ಅಂತ ಒದ್ದಾಡುತ್ತೇವೆ. ಇಲ್ಲೊಬ್ಬ ಬ್ಯಾಟರಿ ಸಮೇತ ಫೋನ್ ನುಂಗಿದ. ಫಿಟ್‌ನೆಸ್ ಅಂದರೆ ಇದು ಕಣ್ರೀ. ಅದೇ ಶಿವಮೊಗ್ಗ ಜೈಲಿನ ಕ್ಯಾಂಟೀನಿಗೆಂದು ಆಟೊದಲ್ಲಿ ಬಾಳೆಗೊನೆ ಬಂದವು. ಗೊನೆಯ ದಿಂಡು ಕೊರೆದು ಗಾಂಜಾ, ಸಿಗರೇಟು ತುಂಬಿ ಟೇಪ್ ಸುತ್ತಿದ್ದರಂತೆ. ಬಾಳೆಹಣ್ಣು ಒಳ್ಳೆಯದು, ನಾರಿನಂಶ ಇರುತ್ತದೆ ಎಂದು ಹೇಳುತ್ತಿದ್ದವರು ಇನ್ನು ಮುಂದೆ ಸ್ವಲ್ಪ ನೋಡಿಕೊಂಡು ಹೇಳಬೇಕು.

ಇನ್ನೊಂದು ಬಿಟ್ಟೆ. ಪರಪ್ಪನ ಅಗ್ರಹಾರದ ಮನೋವೈದ್ಯರನ್ನೇ 2025ರ ಜುಲೈನಲ್ಲಿ ಎನ್‌ಐಎ ಬಂಧಿಸಿತು. ಕೈದಿಗಳಿಗೆ ಕದ್ದುಮುಚ್ಚಿ ಮೊಬೈಲ್ ಕೊಡುತ್ತಿದ್ದರು ಎಂಬುದು ಆರೋಪ. ಸಾಬೀತಾಗುವುದು ಬಿಡುವುದು ಕೋರ್ಟಿಗೆ ಬಿಟ್ಟಿದ್ದು. ಆದರೆ ಹೊರಗೆ ನಮ್ಮ ಮನೋವೈದ್ಯರು ‘ಸ್ವಲ್ಪ ದಿನ ಮೊಬೈಲ್ ದೂರ ಇಡಿ’ ಎಂದು ಹೇಳಿ ಫೀಸ್ ತೆಗೆದುಕೊಳ್ಳುತ್ತಾರೆ!

ಈಗ ಟಿ.ವಿ.ಯವರ ವಿಷಯಕ್ಕೆ ಬರೋಣ. ಕೈದಿಯ ದಿನಚರಿಯನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. 2024ರ ಜೂನ್‌ನಲ್ಲಿ ನಟ ದರ್ಶನ್ ಕೊಲೆ ಆರೋಪದ ಮೇಲೆ ಒಳಗೆ ಹೋದಾಗಿನಿಂದ ನಾಡಿನ ಜನತೆಗೆ ಬೆಳಗ್ಗೆ ಎದ್ದ ತಕ್ಷಣ ಗೊತ್ತಾಗಬೇಕಾದ ಮೊದಲ ವಿಷಯ ಜೈಲಿನ ತಿಂಡಿ. ಉಪ್ಪಿಟ್ಟೋ, ಪಲಾವೋ? ತಿಂದರೋ, ಬಿಟ್ಟರೋ? ರಾತ್ರಿ ನಿದ್ದೆ ಬಂತೋ, ಹೊರಳಾಡಿದರೋ? ಸೊಳ್ಳೆ ಕಚ್ಚಿತೋ? ಸೊಳ್ಳೆಗೂ ಒಂದು ಬೈಟ್ ಕೇಳಿಬಿಡುತ್ತಾರೇನೋ ಎಂದು ಕಾದಿದ್ದೆ. ಸ್ವಂತ ಅಪ್ಪ ಊರಲ್ಲಿ ಊಟ ಮಾಡಿದರೋ ಇಲ್ಲವೋ ಎಂದು ವಿಚಾರಿಸದ ಮಗ, ಜೈಲಿನ ಮುದ್ದೆ ಗಟ್ಟಿಯಿತ್ತೋ ಮೆತ್ತಗಿತ್ತೋ ಎಂದು ಕಣ್ಣು ಮಿಟುಕಿಸದೆ ನೋಡುತ್ತಾನೆ.

ಅಭಿಮಾನಿಗಳು ಅದಕ್ಕೂ ಒಂದು ಹೆಜ್ಜೆ ಮುಂದೆ. ಕೈದಿ ಸಂಖ್ಯೆ 6106 ಎಂದು ಬೈಕು, ಆಟೊಗಳ ಮೇಲೆ ಸ್ಟಿಕರ್ ಬಂತು. ಯಾರೋ ಪುಣ್ಯಾತ್ಮರು ಹಾಲು ಕುಡಿಯುವ ಕೂಸಿಗೆ ಕೈದಿಯ ಬಟ್ಟೆ ತೊಡಿಸಿ, ಅದೇ ನಂಬರ್ ಹಾಕಿ ಫೋಟೊ ತೆಗೆಸಿದರು. ಮಕ್ಕಳ ಹಕ್ಕುಗಳ ಆಯೋಗ ಕೇಸ್ ತೆಗೆದುಕೊಳ್ಳಬೇಕಾಯಿತು. ಒಬ್ಬ ಮನುಷ್ಯನ ಕೊಲೆಯಾಗಿದೆ, ಅವನ ಹೆಂಡತಿ ಆಗ ಬಸುರಿ ಎಂಬುದು ಈ ಹಬ್ಬದಲ್ಲಿ ಯಾರಿಗೂ ನೆನಪಿರಲಿಲ್ಲ. ಇದನ್ನು ಹಾಸ್ಯ ಮಾಡೋಣ ಎಂದು ಕೂತರೆ ನನಗೆ ಬರುವುದಿಲ್ಲ. ಮುಂದೆ ಹೋಗುತ್ತೇನೆ.

ಅದೇ ವರ್ಷ ಆಗಸ್ಟ್‌ನಲ್ಲಿ ದರ್ಶನ್ ಅವರ ಆ ಫೋಟೊ ಬಂತು. ಜೈಲಿನ ಅಂಗಳ, ಕುರ್ಚಿಗಳು, ಒಂದು ಕೈಯಲ್ಲಿ ಮಗ್, ಇನ್ನೊಂದರಲ್ಲಿ ಸಿಗರೇಟು, ಪಕ್ಕದಲ್ಲಿ ರೌಡಿಶೀಟರ್. ರೆಸಾರ್ಟ್‌ನವರು ಕಾಸು ಕೊಟ್ಟು ಜಾಹೀರಾತು ಮಾಡಿಸಿದರೂ ಇಷ್ಟು ನೆಮ್ಮದಿಯ ಮುಖಗಳು ಸಿಗಲ್ಲ. ಸರ್ಕಾರ ಕೂಡಲೇ ಎಚ್ಚೆತ್ತಿತು. ಒಂಬತ್ತು ಜನ ಸಿಬ್ಬಂದಿ ಅಮಾನತು, ನಟ ಬಳ್ಳಾರಿಗೆ. ಗೃಹ ಸಚಿವರು ಗರಂ. 2025ರ ನವೆಂಬರ್‌ನಲ್ಲೂ ಅಷ್ಟೇ. ಅಮಾನತು, ವರ್ಗಾವಣೆ, ಉನ್ನತ ಮಟ್ಟದ ಸಮಿತಿ, ಗೃಹ ಸಚಿವರು ಮತ್ತೆ ಗರಂ. 2017ರಲ್ಲೂ ಇದೇ ಕಥೆ. ಆಗ ಡಿಐಜಿ ಆಗಿದ್ದ ಡಿ. ರೂಪಾ, ತಮಿಳುನಾಡಿನ ಶಶಿಕಲಾ ಅವರಿಗೆ ಪ್ರತ್ಯೇಕ ಅಡುಗೆಮನೆ ಸಮೇತ ವಿಶೇಷ ಸವಲತ್ತು ಸಿಗುತ್ತಿದೆ, ಎರಡು ಕೋಟಿ ಲಂಚದ ಮಾತು ಕೇಳಿಬರುತ್ತಿದೆ ಎಂದು ವರದಿ ಬರೆದರು. ವರದಿ ಬರೆದವರಿಗೇ ಮೊದಲು ವರ್ಗಾವಣೆ ಆಯಿತು. ಸವಲತ್ತು ಕೊಟ್ಟಿದ್ದು ನಿಜ ಎಂದು ತನಿಖಾ ಸಮಿತಿ ಆಮೇಲೆ ಹೇಳಿತು. ಹೇಳಿ ಏನಾಯಿತು? ಈಗ ನೋಡುತ್ತಿದ್ದೀವಲ್ಲ, ಇದಾಯಿತು.

ಈ ನಡುವೆ ಜೈಲು ಸಿಬ್ಬಂದಿಗೆ ಎಲ್ಲಿಲ್ಲದ ಉತ್ಸಾಹ. ಇಡೀ ಜೈಲನ್ನು ಜಾಲಾಡಿ ಮೊಬೈಲ್, ಚಾಕು, ಸಿಮ್ ಕಾರ್ಡ್ ಹಿಡಿದು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆಸುತ್ತಾರೆ. ಒಳ್ಳೆಯದೇ. ಆದರೆ ಆ ಮೇಜಿನ ಮೇಲೆ ಅವನ್ನು ಒಳಗೆ ಬಿಟ್ಟವರನ್ನೂ ಒಮ್ಮೆ ಕೂರಿಸಿ ಫೋಟೊ ತೆಗೆದರೆ ಚಂದ ಇರುತ್ತಿತ್ತು. ಮೇಜು ಸಾಲದೆ ಹೋಗಬಹುದು, ಅದೊಂದು ತೊಂದರೆ.

ಹಳೇ ಕಾಲದ ಕೈದಿಗಳೇ ಬೇರೆ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ಗಾಂಧಿನಗರದ ಪಕ್ಕದಲ್ಲಿತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲಿದ್ದರು. ಹೊತ್ತು ಹೋಗಲೆಂದು ಒಬ್ಬರು ಡೈರಿ ಬರೆದರು, ಒಬ್ಬರು ಕವಿತೆ ಬರೆದರು. ರೀಲ್ಸ್ ಮಾಡಲು ಗೊತ್ತಿರಲಿಲ್ಲ, ಪಾಪ. ಜೈಲು ಅಗ್ರಹಾರಕ್ಕೆ ಹೋದ ಮೇಲೆ ಆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಈಗ ಬೆಳಗ್ಗೆ ಅಲ್ಲಿ ಹಳೇ ಬ್ಯಾರಕ್ಕು, ಕಾವಲು ಗೋಪುರದ ಸುತ್ತ ಜನ ವಾಕಿಂಗ್ ಮಾಡುತ್ತಾರೆ. ಸಕ್ಕರೆ ಕಾಯಿಲೆ ಬಂದ ಬೆಂಗಳೂರಿಗರು ಫಿಟ್ ಆಗಲು ಜೈಲಿಗೆ ಹೋಗುತ್ತಾರೆ ಎಂದಾಯಿತು. ಇನ್ನೂ ಮಜಾ ಕೇಳಿ. ನಗರದಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಅಲ್ಲೇ ಹೋಗಿ ಮಾಡಿ ಎಂದು ಸರ್ಕಾರ ನಿಯಮ ತಂದಿದೆ. ಸಂಬಳ ಸಾಲದು ಎಂದು ಕೂಗಲು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಅಮ್ಮಂದಿರು ಹಳೇ ಜೈಲಿನ ಕಾಂಪೌಂಡಿಗೆ ಬರಬೇಕು.

ಸಂಬಳದ ಮಾತು ಬಂತು. ಅತ್ಯಾಚಾರ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಜೈಲಿನ ಗ್ರಂಥಾಲಯದಲ್ಲಿ ಕ್ಲರ್ಕ್ ಕೆಲಸ ಕೊಟ್ಟರು. ದಿನಕ್ಕೆ 522 ರೂಪಾಯಿ ಕೂಲಿ ಎಂದು ಪತ್ರಿಕೆಗಳು ಬರೆದವು. ಶಿಕ್ಷೆಯಾದವರಿಗೆ ಕೆಲಸ ಕೊಡುವುದು, ಕೂಲಿ ಕೊಡುವುದು ನಿಯಮ. ಅದು ಸರಿಯಾಗಿಯೇ ಇದೆ, ತಕರಾರಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಮಾತ್ರ ಕನಿಷ್ಠ ವೇತನ ಕೊಡಿ ಎಂದು ವರ್ಷಗಟ್ಟಲೆ ಗೋಗರೆದರು. ಅವರು ಕಾನೂನು ಪಾಲಿಸುವ ಜನ. ಜಾಮರ್ ಇರುವುದು ಅಂಥವರಿಗೇ ಎಂದು ಆಗಲೇ ಹೇಳಿದೆನಲ್ಲ.

ಶುರುವಿನಲ್ಲಿ ಹೇಳಿದ ಆ ವಿಡಿಯೊಗಳಲ್ಲಿ ಮೊಬೈಲ್ ಹಿಡಿದು ಕಂಡವನು ಅತ್ಯಾಚಾರ, ಕೊಲೆ ಕೇಸಿನ ಅಪರಾಧಿ ಉಮೇಶ್ ರೆಡ್ಡಿ. ಅವನ ಗಲ್ಲು ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಕನಿಷ್ಠ 30 ವರ್ಷ ಒಳಗಿರಬೇಕಾದ ಜೀವಾವಧಿಗೆ ಇಳಿಸಿತು. ಯಾಕೆ ಗೊತ್ತಾ? ವರ್ಷಗಟ್ಟಲೆ ಕಾನೂನು ಮೀರಿ ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು ಎಂದು. ಒಂದು ಜೈಲಿನಲ್ಲಿ ಮನುಷ್ಯನ ಮುಖವೇ ನೋಡಲು ಬಿಡದೆ ಕಾನೂನು ಮುರಿದರು. ಇನ್ನೊಂದು ಜೈಲಿನಲ್ಲಿ ಕೈಗೆ ಮೊಬೈಲ್ ಸಿಕ್ಕಿ ಕಾನೂನು ಮುರಿಯಿತು. ನಿಯಮದಲ್ಲಿ ಎಷ್ಟಿದೆಯೋ ಅಷ್ಟು ಕೊಡುವುದು ಎಂಬ ಸಾದಾ ಕೆಲಸ ಮಾತ್ರ ನಮ್ಮವರಿಗೆ ಆಗಿಬರುವುದಿಲ್ಲ.

ಬಿಸಿಲು, ವಾಕಿಂಗ್, ಹಾಸಿಗೆ, ದಿಂಬು ಬೇಕು ಎಂದು 2025ರಲ್ಲಿ ದರ್ಶನ್ ಕೋರ್ಟಿನಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಿಸಿಲು ಕಾಣುವುದು, ನಾಲ್ಕು ಹೆಜ್ಜೆ ನಡೆಯುವುದು ಯಾವ ಆರೋಪಿಗೂ ಸಿಗಬೇಕಾದದ್ದೇ. ಕೋರ್ಟು ಕೇಳಿಸಿಕೊಂಡಿತು. ಕಾನೂನು ಸೇವಾ ಪ್ರಾಧಿಕಾರದವರು ಒಳಗೆ ಹೋಗಿ ನೋಡಿ ಬಂದರು. ನನ್ನ ಹೊಟ್ಟೆಯುರಿ ಬೇರೆ. ದಿಂಬು ಬೇಕು ಎಂದು ಹಿರಿಯ ವಕೀಲರ ಕೈಲಿ ಅರ್ಜಿ ಹಾಕಿಸಲು ಆಗದವನು ತಲೆ ಎಲ್ಲಿಡುತ್ತಾನೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ಕರಲ್ಲಿ ಮೂವರ ಮೇಲೆ ತಪ್ಪು ಇನ್ನೂ ಸಾಬೀತೇ ಆಗಿಲ್ಲ. ನೂರು ಜನರ ಜಾಗದಲ್ಲಿ 131 ಜನ ಮಲಗುತ್ತಾರೆ. ಅವರು ಫಿಟ್ ಆಗಿರುವುದು ಹೇಗೆ ಅಂದರೆ, ಮಗ್ಗುಲು ಬದಲಿಸಲು ಪಕ್ಕದವನನ್ನು ತಳ್ಳಬೇಕಲ್ಲ, ಅದೇ ವ್ಯಾಯಾಮ. ಹೊತ್ತು ಕಳೆಯುವುದು ಹೇಗೆ? ಕ್ಯೂ ನಿಂತು. ನೀರಿಗೆ, ಕಕ್ಕಸಿಗೆ, ಊಟಕ್ಕೆ, ಮನೆಗೆ ಒಂದು ಫೋನ್ ಮಾಡಲು. ಹೌದು, ನಿಯಮದ ಪ್ರಕಾರ ಫೋನ್ ಮಾಡುವವರೂ ಒಳಗೆ ಇದ್ದಾರೆ. ಅವರು ಕ್ಯೂನಲ್ಲಿ ನಿಂತಿರುತ್ತಾರೆ.

ಜಾಮೀನು ಸಿಕ್ಕರೆ ಬರಬಹುದಲ್ಲ ಅಂತೀರಾ? 2021ರಲ್ಲಿ ಆಗ್ರಾ ಜೈಲಿನವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟು ದಿನಗಳಾದರೂ ಆದೇಶ ಕೈಸೇರಿಲ್ಲ ಎಂದು ಬಿಡಲಿಲ್ಲ. ಆದೇಶ ಹೊತ್ತು ತರಲು ನಾವಿನ್ನೂ ಪಾರಿವಾಳಕ್ಕೆ ಕಾಯುತ್ತಿದ್ದೇವಾ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವರೇ ಬೇಸತ್ತು ಕೇಳಿದರು. ಜೈಲುಗಳಲ್ಲಿ ಇಂಟರ್‌ನೆಟ್ ಇದೆಯೋ ಇಲ್ಲವೋ ತಿಳಿಸಿ ಎಂದು ರಾಜ್ಯಗಳನ್ನು ವಿಚಾರಿಸಬೇಕಾಯಿತು. ರೌಡಿಯ ಹುಟ್ಟುಹಬ್ಬದ ಕೇಕ್ ಒಳಗಿಂದ ಲೋಕಕ್ಕೆಲ್ಲ ನಿಮಿಷದಲ್ಲಿ ತಲುಪುತ್ತದೆ. ಬಿಡುಗಡೆಯ ಕಾಗದಕ್ಕೆ ಮಾತ್ರ ನೆಟ್‌ವರ್ಕ್ ಇಲ್ಲ.

ಕಾಗದ ಬಂದರೂ ಶ್ಯೂರಿಟಿ ಬೇಕು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದು, ಶೆಡ್ಡಿನಲ್ಲಿ ಮಲಗುವ ಹುಡುಗನಿಗೆ ಬೆಂಗಳೂರಿನಲ್ಲಿ ಯಾರು ಪಹಣಿ ಹಿಡಿದುಕೊಂಡು ಬಂದು ಸಹಿ ಹಾಕುತ್ತಾರೆ? ಮೇಸ್ತ್ರಿ ಬರುತ್ತಾನಾ? ಜಾಮೀನು ಸಿಕ್ಕಿಯೂ ಅವನು ಒಳಗೇ. 2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ನ್ಯಾಯಮೂರ್ತಿಗಳ ಎದುರೇ ಕೇಳಿದರು, ಇಂಥವರಿಗೆ ಇನ್ನಷ್ಟು ಜೈಲು ಕಟ್ಟುವುದು ಯಾವ ಸೀಮೆ ಅಭಿವೃದ್ಧಿ ಎಂಬರ್ಥದಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾನೂನು ಇಲ್ಲ ಎಂದಲ್ಲ. 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಸಂಹಿತೆ ಬಂದಿದೆ, ಅದರಲ್ಲಿ 479ನೇ ಕಲಂ ಇದೆ. ಗಲ್ಲು, ಜೀವಾವಧಿಯ ಕೇಸುಗಳನ್ನು ಬಿಟ್ಟು, ಇದ್ದದ್ದು ಒಂದೇ ಕೇಸು, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು ಎಂದಾದರೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ ಕೂಡಲೇ ಬಿಡಬೇಕು. ಅವನು ವಕೀಲರನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಜೈಲು ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಬರೆಯಬೇಕು, ಅದೂ ತಕ್ಷಣ ಎಂದು ಕಾನೂನು ಹೇಳುತ್ತದೆ. ಆದರೆ ನಮ್ಮಲ್ಲಿ ಸೂಪರಿಂಟೆಂಡೆಂಟರು ಪಾರ್ಟಿ ವಿಡಿಯೊದ ಗಲಾಟೆಯಲ್ಲಿ ಅಮಾನತಾದರು, ಅವರ ಮೇಲಿದ್ದವರು ವರ್ಗವಾದರು. ಹೊಸಬರು ಬಂದಿದ್ದಾರೆ, ಮೊಬೈಲ್ ಹುಡುಕುತ್ತಿದ್ದಾರೆ.